ನಲವತ್ತೆರಡು ಬಾಣಂತಿಯರಿಗೆ ಒಬ್ಬ ನರ್ಸು, ಅವಳಿಗೂ ಅಮಾನತು

ಮಾನ್ಯ ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳೇ,

ನಾನು ಕೇಳಿದ್ದು ಇನ್ನೊಬ್ಬ ನರ್ಸನ್ನು. ನೀವು ಇದ್ದ ಒಬ್ಬಳನ್ನೂ ಮನೆಗೆ ಕಳಿಸಿದಿರಿ. ಅದೂ ನನ್ನ ಹೆಸರು ಹೇಳಿ, ನನ್ನ ಸಹಿಯಿದ್ದ ದೂರನ್ನು ಕಡತದ ಮೇಲಿಟ್ಟು. ಈ ಪತ್ರವನ್ನೂ ಲಕೋಟೆಗೆ ಹಾಕಿ ನಿಮ್ಮ ಕಚೇರಿಗೆ ಕಳಿಸಬಹುದಿತ್ತು. ಹಿಂದೆ ಬರೆದ ನಾಲ್ಕು ಪುಟಕ್ಕೆ ಬಂದ ಗತಿ ನೋಡಿದ ಮೇಲೆ ಆ ತಪ್ಪು ಮತ್ತೆ ಮಾಡುವಷ್ಟು ದಡ್ಡ ನಾನಲ್ಲ. ಇದನ್ನು ಅಚ್ಚು ಹಾಕಿಸುತ್ತಿದ್ದೇನೆ, ಊರೆಲ್ಲ ಓದಲಿ. ನಿಮಗೆ ಸಿಟ್ಟು ಬಂದರೆ ಬರಲಿ. ನನಗೆ ಬಂದು ನಾಲ್ಕು ತಿಂಗಳಾಯಿತು, ಇನ್ನೂ ಇಳಿದಿಲ್ಲ.

ನಾನು ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದುವವನು. ಇಪ್ಪತ್ತೆರಡು ವರ್ಷದ ಸರ್ವಿಸು. ವೈದ್ಯಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ಯಾವ ಅಂಕಿ ನೋಡಿ ಬರೆದದ್ದು, ಯಾವುದು ನೋಡದೆ ಬರೆದದ್ದು ಎಂಬುದು ನನಗೆ ಮಾರು ದೂರದಿಂದಲೇ ಗೊತ್ತಾಗುತ್ತದೆ. ನೋಡಿ ಬರೆದದ್ದು ಅಂಕುಡೊಂಕಾಗಿರುತ್ತದೆ, ಎಲ್ಲೋ ಒಂದು ಕಡೆ ಹೊಡೆದು ತಿದ್ದಿರುತ್ತದೆ, ಇನ್ನೊಂದು ಕಡೆ ಪೆನ್ನು ಬದಲಾಗಿರುತ್ತದೆ. ನೋಡದೆ ಬರೆದದ್ದು ಮುತ್ತು ಪೋಣಿಸಿದಂತೆ ಇರುತ್ತದೆ. ಮೇಲಧಿಕಾರಿಗಳಿಗೆ ಎರಡನೆಯದೇ ಇಷ್ಟ. ಇದು ನಮ್ಮ ಇಲಾಖೆಯ ಮಾತಾಯಿತು, ನಿಮ್ಮದಕ್ಕೆ ಬರುತ್ತೇನೆ.

ನನ್ನ ತಂಗಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಚೊಚ್ಚಲು. "ಮಗು ದಪ್ಪ ಇದೆ, ಆಪರೇಷನ್ನೇ ಆಗ್ಬೇಕು. ಆಮೇಲೆ ತಾಯಿ, ಮಗು ಇಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು" ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸಕ್ಕರೆ ಇರುವ ತಾಯಿಯ ಹೊಲಿಗೆ ಬೇಗ ಕೂಡುವುದಿಲ್ಲ, ಕೀವು ತುಂಬಬಹುದು. ಅಂಥ ತಾಯಿಯ ಮಗುವಿನ ರಕ್ತದಲ್ಲಿ ಸಕ್ಕರೆ ಧಡಕ್ಕನೆ ಇಳಿಯಬಹುದು. ಇದನ್ನೆಲ್ಲ ನಾವು ಕಲಿತದ್ದು ನಿಮ್ಮದೇ ಆಸ್ಪತ್ರೆಯ ಗೋಡೆಗೆ ಅಂಟಿಸಿದ ಬಣ್ಣದ ಚಿತ್ರಪಟದಿಂದ. ಪಟ ಚೆನ್ನಾಗಿದೆ. ಒಬ್ಬ ತಾಯಿಯ ಪಕ್ಕ ಇಬ್ಬರು ನರ್ಸುಗಳು ನಗುತ್ತ ನಿಂತಿದ್ದಾರೆ. ಇಬ್ಬರು ನರ್ಸುಗಳನ್ನು ಒಟ್ಟಿಗೆ ನಾನು ಆ ಆಸ್ಪತ್ರೆಯಲ್ಲಿ ನೋಡಿದ್ದು ಆ ಪಟದಲ್ಲಿ ಮಾತ್ರ.

ಬಾಣಂತಿ ವಾರ್ಡು ಕೆಳಮಹಡಿಯಲ್ಲಿದೆ. ಮೂವತ್ತಾರು ಮಂಚ. ನನ್ನ ತಂಗಿ ಇದ್ದಾಗ ಬಾಣಂತಿಯರು ನಲವತ್ತೆರಡು. ಹೆಚ್ಚಾದ ಆರು ಮಂದಿ ಗೋಡೆಯ ಬದಿಗೆ ನೆಲದ ಮೇಲೆ. ಬಾಗಿಲ ಪಕ್ಕ ಕೈ ತೊಳೆಯುವ ತೊಟ್ಟಿ. ಅದರ ಮೇಲೆ "ಸೋಂಕು ತಡೆಯಿರಿ, ಸೋಪಿನಿಂದ ಕೈ ತೊಳೆಯಿರಿ" ಎಂಬ ಫಲಕ. ಫಲಕದ ಕೆಳಗೆ ಸೋಪಿನ ಬಾಟಲಿ. ಬಾಟಲಿಯಲ್ಲಿ ನೀರು. ಮೂಲೆಯಲ್ಲಿ "ಸೋಂಕಿತ ತಾಯಂದಿರ ಕೊಠಡಿ" ಎಂದು ಬರೆದ ಒಂದು ಕೋಣೆಯಿದೆ, ಅದಕ್ಕೆ ಬೀಗ. ಕಿಟಕಿಯಿಂದ ಇಣುಕಿ ನೋಡಿದೆ: ಸೂರು ಮುಟ್ಟುವಂತೆ ಹಳೆಯ ರಿಜಿಸ್ಟರುಗಳು. ಕೀವು ತುಂಬಿದ ಹೊಟ್ಟೆಯ ತಾಯಿ ನಿನ್ನೆ ಹೆತ್ತವಳ ಪಕ್ಕದಲ್ಲಿ ಮಲಗಬೇಕು, ರಿಜಿಸ್ಟರಿಗೆ ಮಾತ್ರ ಪ್ರತ್ಯೇಕ ಕೋಣೆ ಬೇಕು! ಕಾಗದಕ್ಕೆ ಯಾವ ಸೋಂಕು ತಗಲುತ್ತದೆಂದು ಹೆದರಿದ್ದೀರಿ?

ಗಂಡಸರಿಗೆ ಆ ವಾರ್ಡಿಗೆ ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಪ್ರವೇಶ. ತಂಗಿಯ ಗಂಡ ಲಾರಿ ಡ್ರೈವರು, ಲೋಡು ತುಂಬಿಕೊಂಡು ಎರಡು ದಿನದ ದಾರಿಯಲ್ಲಿದ್ದ. ಒಳಗೆ ತಂಗಿಯ ಜೊತೆ ಇದ್ದವಳು ನಮ್ಮಮ್ಮ. ಮೂರನೆಯ ದಿನ ನಾನು ಹೋದಾಗ ನಾಲ್ಕು ಗಂಟೆ ಹತ್ತು ನಿಮಿಷ. ಅಮ್ಮ ನನ್ನನ್ನು ನೋಡಿದವಳೇ, "ಬಂದ್ಯಾ ಮಹರಾಯ, ಇವಳ ಮೈ ಒಂದಿಷ್ಟು ಮುಟ್ಟಿ ನೋಡೋ. ಕೆಂಡ ಆಗಿದೆ. ನಾನು ಹೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳ್ತಿಲ್ಲ" ಎಂದಳು.

ಮುಟ್ಟುವ ಮೊದಲು ನಾನು ಮಂಚದ ಕಾಲಿಗೆ ಸಿಕ್ಕಿಸಿದ್ದ ಚಾರ್ಟು ತೆಗೆದು ನೋಡಿದೆ. ವೃತ್ತಿಯ ಚಾಳಿ, ಏನು ಮಾಡಲಿ. ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ ಬರೆಯುವ ಚೌಕಗಳು. ಮೂರು ದಿನದ ಚೌಕಗಳಲ್ಲಿ ನಾಲ್ಕು ಜನರ ಕೈಬರಹ, ಅಂಕಿ ಮಾತ್ರ ಒಂದೇ: ತೊಂಬತ್ತೆಂಟು ಪಾಯಿಂಟ್ ಆರು. ಮುತ್ತು ಪೋಣಿಸಿದಂತೆ. ಅಷ್ಟೇ ಅಲ್ಲ, ಆ ದಿನದ ಸಂಜೆ ಆರು ಗಂಟೆಯ ಚೌಕವೂ ತುಂಬಿತ್ತು, ರಾತ್ರಿ ಹತ್ತು ಗಂಟೆಯದೂ ತುಂಬಿತ್ತು. ಇನ್ನೂ ಬಾರದ ಹೊತ್ತಿನ ಜ್ವರ! ನಮ್ಮ ಇಲಾಖೆಯಲ್ಲಿ ನಾವು ಕಳೆದ ತಿಂಗಳದನ್ನು ನೋಡಿ ಈ ತಿಂಗಳದು ಊಹಿಸುತ್ತೇವೆ. ನಿಮ್ಮವರು ಜ್ಯೋತಿಷ್ಯವನ್ನೇ ಹೇಳುತ್ತಾರೆ. ಆಮೇಲೆ ತಂಗಿಯ ಹಣೆ ಮುಟ್ಟಿದೆ. ಕೈ ಹಿಂದೆಗೆದುಕೊಂಡೆ. "ಅಣ್ಣ, ಚಳಿ ಆಗ್ತಿದೆ ಕಣೋ, ಪಾಪು ಬೆಳಗ್ಗೆಯಿಂದ ಹಾಲು ಹಿಡಿತಿಲ್ಲ" ಎಂದಳು. ಮಗು ಅವಳ ಪಕ್ಕದಲ್ಲಿ ಬಟ್ಟೆಯ ಗಂಟಿನಂತೆ ಬಿದ್ದಿತ್ತು, ಅಳುವುದೂ ಇಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಚಾರ್ಟು ಹಿಡಿದುಕೊಂಡು ನರ್ಸಿನ ಹತ್ತಿರ ಹೋದೆ. ಅಮ್ಮ ಆಕೆಗೆ 'ಓಟದ ಸಿಸ್ಟರ್' ಎಂದು ಹೆಸರಿಟ್ಟಿದ್ದಳು. ಆಕೆ ನಡೆದದ್ದನ್ನು ಅಮ್ಮ ನೋಡಿರಲಿಲ್ಲವಂತೆ. ಆಗ ಮಾತ್ರ ಆಕೆ ಓಡುತ್ತಿರಲಿಲ್ಲ. ಆರನೇ ಮಂಚದಲ್ಲಿ ರಕ್ತ ಹೋಗುತ್ತಿದ್ದ ಒಬ್ಬ ಹೆಂಗಸಿನ ಕಿಬ್ಬೊಟ್ಟೆಯನ್ನು ಎರಡೂ ಕೈಯಿಂದ ತಿಕ್ಕುತ್ತಿದ್ದಳು. "ಅಣ್ಣಾ, ಎರಡು ನಿಮಿಷ" ಎಂದಳು. ನಾನು ಎರಡು ಸೆಕೆಂಡೂ ಕೊಡಲಿಲ್ಲ. "ಏನ್ರೀ, ಹತ್ತು ಗಂಟೆ ಜ್ವರ ನಾಲ್ಕು ಗಂಟೆಗೇ ಬರೀತೀರಲ್ಲ, ನನ್ನ ತಂಗಿ ಸಾಯೋ ಟೈಮೂ ಬರೆದಿಟ್ಟಿದ್ದೀರಾ?" ಎಂದು ಇಡೀ ವಾರ್ಡು ಕೇಳುವಂತೆ ಬಾಯಿಗೆ ಬಂದ ಹಾಗೆ ಬೈದೆ. ಆ ಮಾತು ಆಡಬಾರದಿತ್ತು. ಆಡಿದೆ.

ಆಕೆ ಅಮ್ಮನನ್ನು ಕೂಗಿ ಕರೆದು, "ಅಮ್ಮಾ, ಕೈ ತೊಳ್ಕೊಂಡು ಬನ್ನಿ. ಇಲ್ಲಿ, ಹೊಟ್ಟೆ ಮೇಲೆ, ಹೀಗೆ ಗಟ್ಟಿಯಾಗಿ ತಿಕ್ತಾ ಇರಿ, ನಾನು ಬರೋವರೆಗೂ ನಿಲ್ಲಿಸ್ಬೇಡಿ" ಎಂದು ತೋರಿಸಿಕೊಟ್ಟು ತಂಗಿಯ ಮಂಚಕ್ಕೆ ಓಡಿದಳು. ಥರ್ಮಾಮೀಟರು ನೂರಾಮೂರು ದಾಟಿತ್ತು. ಹೊಲಿಗೆಯ ಮೇಲಿನ ಪಟ್ಟಿ ಬಿಚ್ಚಿದಳು. ವಾಸನೆ ನನಗೂ ಬಡಿಯಿತು. ಆಮೇಲೆ ಮಗುವಿನ ಅಂಗಾಲಿಗೆ ಬೆರಳಿನಿಂದ ಎರಡು ಸಲ ಮೀಟಿದಳು. ಮಗು ಕಾಲು ಎಳೆದುಕೊಳ್ಳಲಿಲ್ಲ. ಆಕೆ ಫೋನಿನಲ್ಲಿ ಡಾಕ್ಟರಿಗೆ ಒಂದು ವಾಕ್ಯ ಹೇಳಿ, ಮಗುವನ್ನು ಎದೆಗೆ ಅವಚಿಕೊಂಡು ಎದ್ದು ಓಡಿದಳು. ನವಜಾತ ಶಿಶು ಘಟಕ ಇರುವುದು ಎರಡು ಮಹಡಿ ಮೇಲೆ. ಲಿಫ್ಟಿಗೆ "ದುರಸ್ತಿಯಲ್ಲಿದೆ" ಎಂಬ ಬೋರ್ಡು. ಆ ಬೋರ್ಡಿಗೇ ತುಕ್ಕು ಹಿಡಿದಿದೆ.

ಮೇಲೆ ನೋಡಿದಾಗ ಮಗುವಿನ ರಕ್ತದಲ್ಲಿ ಸಕ್ಕರೆ ಇಪ್ಪತ್ತೆಂಟು, ನಲವತ್ತೈದಾದರೂ ಇರಬೇಕಂತೆ. ಜೊತೆಗೆ ರಕ್ತಕ್ಕೂ ಸೋಂಕು. "ಇನ್ನರ್ಧ ಗಂಟೆ ತಡ ಆಗಿದ್ರೆ ನಾವೇನೂ ಮಾಡೋಕೆ ಆಗ್ತಿರ್ಲಿಲ್ಲ" ಎಂದು ಅಲ್ಲಿನ ಡಾಕ್ಟರು ನನಗೇ ಹೇಳಿದರು. ಆ ಹೊತ್ತಿಗೆ ತಂಗಿಯನ್ನು ಮತ್ತೆ ಆಪರೇಷನ್ ಕೋಣೆಗೆ ಒಯ್ದಿದ್ದರು. ಅವಳು ಹನ್ನೊಂದು ದಿನ ಹಾಸಿಗೆ ಬಿಟ್ಟು ಏಳಲಿಲ್ಲ, ಮಗು ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಇಬ್ಬರೂ ಉಳಿದರು. ಮಗುವಿನ ಕಿವಿ, ಬುದ್ಧಿ ಎರಡಕ್ಕೂ ಏನೂ ಆಗಿಲ್ಲವೆಂದು ಹೇಳಲು ವರ್ಷ ತುಂಬಬೇಕಂತೆ. ಅಲ್ಲಿಯವರೆಗೆ ತಂಗಿ ದಿನಕ್ಕೆ ಹತ್ತು ಸಲ ಅದರ ಕಿವಿಯ ಹತ್ತಿರ ಚಿಟಿಕೆ ಹೊಡೆಯುತ್ತಾಳೆ.

ನರ್ಸು ಮೇಲೆ ಹೋಗಿ ಬಂದದ್ದು ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷ ನಿಮ್ಮ ಬಾಣಂತಿ ವಾರ್ಡಿನ ಪ್ರಭಾರ ಯಾರ ಕೈಯಲ್ಲಿತ್ತು ಎಂಬುದು ನಿಮ್ಮ ದಾಖಲೆಯಲ್ಲಿ ಇರಲಾರದು, ಬರೆದುಕೊಳ್ಳಿ: ನನ್ನ ತಾಯಿ. ವಯಸ್ಸು ಅರವತ್ತೇಳು, ವಿದ್ಯಾಭ್ಯಾಸ ನಾಲ್ಕನೇ ಕ್ಲಾಸು, ಎರಡೂ ಮಂಡಿ ನೋವು. ಆರನೇ ಮಂಚದ ಹೆಂಗಸು ಬದುಕಿದ್ದಾಳೆ. ಅಮ್ಮ ಆಮೇಲೆ ಎರಡು ದಿನ ಕೈ ಎತ್ತಲಾರದೆ ಒದ್ದಾಡಿದಳು.

ಆ ಸಂಜೆಯೇ ನಾನು ನಿಮಗೆ ದೂರು ಬರೆದೆ. ನಡೆದದ್ದನ್ನೆಲ್ಲ ನಿಮಿಷದ ಲೆಕ್ಕದಲ್ಲಿ ಬರೆದು, ಪ್ರಶ್ನೆಗಳನ್ನೂ ಸರಿಯಾಗಿಯೇ ಕೇಳಿದ್ದೆ. ನಲವತ್ತೆರಡು ಜನಕ್ಕೆ ಒಬ್ಬರೇ ಏಕೆ? ಸೋಂಕಿತರ ಕೊಠಡಿಗೆ ಬೀಗ ಏಕೆ? ನೋಡದೆ ಬರೆಯುವ ಪದ್ಧತಿ ಎಲ್ಲಿಂದ ಬಂತು? ನಿಮ್ಮ ಹಿಂಬರಹ ಬಂದದ್ದು ಏಳು ವಾರದ ಮೇಲೆ. ಎರಡೇ ಸಾಲು: "ತಮ್ಮ ದೂರಿನ ಮೇರೆಗೆ ಸದರಿ ಶುಶ್ರೂಷಕಿಯನ್ನು, ಸುಳ್ಳು ದಾಖಲೆ ಬರೆದ ಹಾಗೂ ಹನ್ನೊಂದು ನಿಮಿಷ ಕರ್ತವ್ಯಸ್ಥಳ ತೊರೆದ ಆರೋಪದ ಮೇಲೆ ಅಮಾನತುಗೊಳಿಸಲಾಗಿದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ." ಕರ್ತವ್ಯಸ್ಥಳ ತೊರೆದಳಂತೆ! ಸ್ವಾಮಿ, ಆಕೆ ಕಾಫಿ ಕುಡಿಯಲು ಹೋಗಿರಲಿಲ್ಲ. ಕರ್ತವ್ಯವನ್ನೇ ಎದೆಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿದ್ದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾನು ಬೇಕಾದಷ್ಟು ಸಲ ಹೇಳಿದ್ದೇನೆ. ಬರೆ ಹಾಕಲು ಕಬ್ಬಿಣ ಕಾಯಿಸಿ ಕೊಟ್ಟವನು ನಾನೇ ಆಗುತ್ತೇನೆಂದು ಅಂದುಕೊಂಡಿರಲಿಲ್ಲ. ಹಿಂಬರಹವನ್ನು ಅಮ್ಮನಿಗೆ ಓದಿ ಹೇಳಿದೆ. "ಮಗೂನ ಉಳಿಸಿದ ಕೈಗೆ ಕೋಳ ಹಾಕಿಸಿ ಬಂದೆಯಲ್ಲೋ. ಆ ಹುಡುಗಿ ಮಧ್ಯಾಹ್ನ ಬಂದವಳು ಒಂದು ತೊಟ್ಟು ನೀರೂ ಕುಡಿದಿರಲಿಲ್ಲ, ನಾನು ಕಣ್ಣಾರೆ ನೋಡಿದೀನಿ" ಎಂದಳು. ಎರಡು ದಿನ ನನಗೆ ಬಡಿಸಿದಳು, ಮಾತು ಮಾತ್ರ ಆಡಲಿಲ್ಲ.

ವಾರ್ಡಿನ ಆಯಾಳನ್ನು ಕೇಳಿ ನರ್ಸಿನ ಮನೆ ಪತ್ತೆ ಮಾಡಿಕೊಂಡು ಹೋದೆ. ಬಾಗಿಲು ತೆರೆದ ಆಕೆ ನನ್ನ ಗುರುತು ಹಿಡಿದ ಕೂಡಲೇ ಕೇಳಿದ ಮೊದಲ ಮಾತು ಇದು: "ಪಾಪು ಹಾಲು ಕುಡಿತಾಳಾ ಅಣ್ಣಾ?" ಅಲ್ಲಿಂದ ಹಾಗೇ ಹಿಂತಿರುಗಿ ಬಿಡಬೇಕೆನಿಸಿತು. ಕೂತೆ. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. "ಬೇಡ. ನೀವು ಬರೆದದ್ರಲ್ಲಿ ಸುಳ್ಳೇನಿದೆ? ನಾನು ನೋಡದೇ ಬರೆದೆ. ಡ್ಯೂಟಿಗೆ ಬಂದ ತಕ್ಷಣ ಎಲ್ಲಾ ಚಾರ್ಟಿಗೂ ರಾತ್ರೀವರೆಗೆ ಬರೆದುಬಿಡ್ತೀವಿ. ಆಮೇಲೆ ಕೈಗೆ ಬಿಡುವೇ ಸಿಗಲ್ಲ. ಯಾರಿಗಾದ್ರೂ ಜ್ವರ ಇದೆ ಅಂತ ಗೊತ್ತಾದ್ರೆ ಹೊಡೆದು ತಿದ್ತೀವಿ. ನಿಮ್ಮ ತಂಗಿದು ಗೊತ್ತಾಗ್ಲಿಲ್ಲ" ಎಂದಳು.

"ಖಾಲಿ ಬಿಡಬಹುದಿತ್ತಲ್ಲ?" ಎಂದು ಕೇಳಿದೆ. ಆಕೆ ಒಳಗೆ ಹೋಗಿ ಒಂದು ಕಾಗದ ತಂದು ಕೈಗಿಟ್ಟಳು. ಹೋದ ವರ್ಷ ಒಂದು ದಿನ ಹನ್ನೆರಡು ಮಂದಿಯ ಜ್ವರ ನೋಡಲು ಆಗಿರಲಿಲ್ಲ. ಆ ಚೌಕಗಳಲ್ಲಿ ಆಕೆ "ನೋಡಲಾಗಲಿಲ್ಲ" ಎಂದು ನಿಜವನ್ನೇ ಬರೆದಿದ್ದಳು. ಅದಕ್ಕೆ ನಿಮ್ಮ ಕಚೇರಿಯಿಂದ ಬಂದ ಮೆಮೊ ಅದು: "ಸದರಿ ಚೌಕಗಳನ್ನು ಅಪೂರ್ಣವಾಗಿ ಬಿಟ್ಟು ಸಂಸ್ಥೆಯ ಗೌರವಕ್ಕೆ ಕುಂದು ತಂದಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಯಾವುದೇ ಚೌಕವನ್ನು ಖಾಲಿ ಬಿಡತಕ್ಕದ್ದಲ್ಲ." ಅಡಿಯಲ್ಲಿ ಯಾರ ಸಹಿ ಇದೆ ಎಂದು ನಾನು ಹೇಳಬೇಕೆ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ. ಮೆಮೊದ ನಕಲನ್ನು ಈ ಪತ್ರದ ಜೊತೆಗೇ ಅಚ್ಚು ಹಾಕಿಸುತ್ತಿದ್ದೇನೆ.

ನಿಜ ಬರೆದಾಗ ಮೆಮೊ. ಸುಳ್ಳು ಬರೆದಾಗ ಅಮಾನತು. ಹಾಗಾದರೆ ಆಕೆ ಬರೆಯಬೇಕಾಗಿದ್ದದ್ದು ಏನು, ದಯವಿಟ್ಟು ಒಂದು ಸುತ್ತೋಲೆ ಹೊರಡಿಸಿ ತಿಳಿಸಿ. ನಿಮ್ಮ ಆಸ್ಪತ್ರೆಯ ಬಾಗಿಲಲ್ಲೇ "ಶೇಕಡ ನೂರರಷ್ಟು ದಾಖಲೆ ನಿರ್ವಹಣೆ" ಎಂಬ ಪ್ರಶಸ್ತಿಪತ್ರವನ್ನು ಕಟ್ಟು ಹಾಕಿಸಿ ನೇತುಹಾಕಿದ್ದೀರಿ. ಆ ನೂರರಲ್ಲಿ ನನ್ನ ತಂಗಿಯ ತೊಂಬತ್ತೆಂಟು ಪಾಯಿಂಟ್ ಆರೂ ಸೇರಿದೆ. ಅವಳು ಸತ್ತಿದ್ದರೆ ಜ್ವರವೇ ಇಲ್ಲದೆ ಸತ್ತಿರುತ್ತಿದ್ದಳು, ದಾಖಲೆ ಸಮೇತ.

ನಾನೇನು ಸಾಚಾ ಮನುಷ್ಯನಲ್ಲ. ಹನ್ನೆರಡು ವರ್ಷದ ಕೆಳಗೆ ಬೀಗ ಹಾಕಿದ ಒಂದು ಮನೆಯಿತ್ತು, ಮೀಟರು ಒಳವರಾಂಡದಲ್ಲಿ. ದಿನಕ್ಕೆ ಇನ್ನೂರು ಮನೆ ಮುಗಿಸಬೇಕು, ಯಾವ ಮನೆಯ ಮುಂದೂ ಖಾಲಿ ಬಿಡುವಂತಿಲ್ಲ ಎಂದು ನಮಗೂ ಆದೇಶ. ಮೂರು ತಿಂಗಳು ಅಂದಾಜಿನಲ್ಲಿ ಬರೆದೆ. ನಾಲ್ಕನೇ ತಿಂಗಳು ಆ ಮೀಟರಿನ ಬೋರ್ಡು ಹೊತ್ತಿಕೊಂಡು ಬಾಗಿಲು ಸುಟ್ಟುಹೋಯಿತು. ಒಂದು ಸಲ ಬೀಗ ತೆಗೆಸಿ ಕಣ್ಣಿಟ್ಟು ನೋಡಿದ್ದರೂ ಕರಕಲು ಹಿಡಿದ ವೈರು ಕಾಣುತ್ತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ, ನನ್ನ ಪುಣ್ಯ. ಅವತ್ತು ನನಗೆ ಗೊತ್ತಾದದ್ದು ಇಷ್ಟೇ: ಖಾಲಿ ಬಿಟ್ಟಿದ್ದರೆ ಯಾರಾದರೊಬ್ಬರು ಯಾಕೆ ಖಾಲಿ ಎಂದು ಕೇಳುತ್ತಿದ್ದರು. ತುಂಬಿದ ಚೌಕವನ್ನು ಯಾರೂ ಏನೂ ಕೇಳುವುದಿಲ್ಲ.

ಸಿಬ್ಬಂದಿ ಕೊರತೆ, ನಿಯಮದ ಪ್ರಕಾರ ಇಷ್ಟೇ ಹುದ್ದೆ ಎಂದು ನೀವು ಹೇಳುತ್ತೀರಿ, ಗೊತ್ತು. ಆ ನಿಯಮ ಹುಡುಕಿ ಓದಿದೆ. ಮಂಚಕ್ಕೆ ಲೆಕ್ಕ ಹಾಕಿ ನರ್ಸು ಕೊಡುತ್ತೀರಿ. ಮಗುವಿಗೆ ಮಂಚವಿಲ್ಲ, ತಾಯಿಯ ಪಕ್ಕದಲ್ಲಿ ಮಲಗುತ್ತದೆ. ಆದ್ದರಿಂದ ಮಗು ನಿಮ್ಮ ಲೆಕ್ಕದಲ್ಲಿಲ್ಲ. ನಲವತ್ತೆರಡು ಬಾಣಂತಿಯರ ಪಕ್ಕದಲ್ಲಿ ನಲವತ್ತೆರಡು ಕೂಸುಗಳು: ಕಾಮಾಲೆ ಹತ್ತಿದ್ದು, ಸಕ್ಕರೆ ಇಳಿದದ್ದು, ಹೊಕ್ಕುಳಿಗೆ ಕೀವು ತುಂಬಿದ್ದು, ತಿಂಗಳು ತುಂಬುವ ಮೊದಲೇ ಬಂದದ್ದು. ಒಂದಕ್ಕೂ ಬಾಯಿ ಬಿಟ್ಟು ಹೇಳಲು ಬರುವುದಿಲ್ಲ. ಯಾರಾದರೂ ಬಗ್ಗಿ ನೋಡಿದರೇ ಗೊತ್ತಾಗಬೇಕು. ಎಂಬತ್ತನಾಲ್ಕು ಜೀವಕ್ಕೆ ಎರಡು ಕಣ್ಣು ಕೊಟ್ಟು, ಆ ಕಣ್ಣಿಗೆ ಏಕೆ ಕಾಣಲಿಲ್ಲ ಎಂದು ವಿಚಾರಣೆ ಇಡುತ್ತೀರಲ್ಲ, ನಿಮ್ಮನ್ನು ಯಾರು ವಿಚಾರಿಸಬೇಕು?

ಹೋದ ವಾರ ತಂಗಿಯ ತಪಾಸಣೆಗೆ ಹೋದಾಗ, ಗಂಡಸರ ಹೊತ್ತಲ್ಲದಿದ್ದರೂ ಬಾಗಿಲಲ್ಲಿ ತಡೆಯುವವರಿಲ್ಲದ್ದರಿಂದ, ಆ ವಾರ್ಡಿನೊಳಗೆ ಹೊಕ್ಕು ನೋಡಿದೆ. ಅಮಾನತಾದವಳ ಜಾಗಕ್ಕೆ ಯಾರೂ ಬಂದಿಲ್ಲ. ಪಕ್ಕದ ವಾರ್ಡಿನ ನರ್ಸೇ ಎರಡೂ ಕಡೆ ಓಡಾಡುತ್ತಿದ್ದಾಳೆ. ಹತ್ತಿರದ ಮಂಚದ ಚಾರ್ಟು ನೋಡಿದೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ಸಂಜೆಯ ಆರರ ಚೌಕ ತುಂಬಿತ್ತು. ಆ ಮಂಚದ ಹೆಂಗಸಿನ ಅತ್ತೆಯೋ ತಾಯಿಯೋ ನನ್ನನ್ನು ಡಾಕ್ಟರೆಂದುಕೊಂಡು ಎದ್ದು ನಿಂತು, "ಸಾರ್, ಇವಳಿಗೆ ನಿನ್ನೆಯಿಂದ ನಡುಕ" ಎಂದರು. ನಾನು ಡಾಕ್ಟರಲ್ಲಮ್ಮ ಎಂದು ಹೇಳಿ, ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದೆ. ದಿನಾ ಹೀಗೆ ಬಂದು ಕರೆಯಲು ನನಗೆ ರಜೆ ಇಲ್ಲ.

ಈಗ ನನ್ನ ಬೇಡಿಕೆ. ಬೇಡಿಕೆ ಎನ್ನುವುದೂ ಸುಳ್ಳು, ಹಕ್ಕೊತ್ತಾಯ. ಆಕೆಯನ್ನು ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ. ಕೂಸುಗಳನ್ನೂ ರೋಗಿಗಳೆಂದು ಎಣಿಸಿ, ಅಷ್ಟಕ್ಕೆ ತಕ್ಕ ನರ್ಸುಗಳನ್ನು ಕೊಡಿ. ರಿಜಿಸ್ಟರುಗಳನ್ನು ಆ ಕೋಣೆಯಿಂದ ಎಳೆದು ನಿಮ್ಮ ಸ್ವಂತ ಕೊಠಡಿಯಲ್ಲಿ ಪೇರಿಸಿಕೊಂಡು, ಸೋಂಕು ತಗಲಿದ ತಾಯಂದಿರಿಗೆ ಮಲಗಲು ಜಾಗ ಬಿಡಿ. ಎಲ್ಲಕ್ಕಿಂತ ಮೊದಲು ನಿಮ್ಮ ಮೆಮೊ ಹರಿದುಹಾಕಿ. ನೋಡಲು ಆಗದ ಹೊತ್ತಿಗೆ "ನೋಡಲಾಗಲಿಲ್ಲ" ಎಂದೇ ಬರೆಯಲಿ. ಪ್ರಶಸ್ತಿ ಹೋಗುತ್ತದೆ, ಹೋಗಲಿ. ಆ ಖಾಲಿ ಚೌಕಗಳನ್ನು ನೋಡಿ ನಿಮಗೆ ನಾಚಿಕೆಯಾಗಬೇಕು. ನಾಚಿಕೆಯಾದರೆ ಬಹುಶಃ ಯಾರನ್ನಾದರೂ ನೇಮಿಸುತ್ತೀರಿ.

ಬರುವ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಆಕೆಯ ವಿಚಾರಣೆಯಲ್ಲಿ "ತಮ್ಮ ಬಳಿ ಇರುವ ಸಾಕ್ಷ್ಯದೊಂದಿಗೆ ಖುದ್ದು ಹಾಜರಾಗತಕ್ಕದ್ದು" ಎಂದು ನನಗೆ ನೋಟಿಸು ಬಂದಿದೆ. ಬರುತ್ತೇನೆ. ಸುಳ್ಳು ಬರೆದದ್ದು ನಿಜವೇ ಎಂದು ಕೇಳಿದರೆ ನಿಜ ಎನ್ನುತ್ತೇನೆ. ಬರೆಸಿದ್ದು ಯಾರು ಎಂದು ನೀವು ಕೇಳುವುದಿಲ್ಲ, ಕೇಳದೆಯೇ ಹೇಳುತ್ತೇನೆ. ಸಾಕ್ಷ್ಯವನ್ನೂ ತರುತ್ತೇನೆ. ತೂಕ ಆರು ಕೆಜಿ ಇನ್ನೂರು ಗ್ರಾಂ. ಹೆಣ್ಣು. ಸಿಟ್ಟಿನಲ್ಲಿ ಸೋದರಮಾವನನ್ನೇ ಹೋಲುತ್ತಾಳೆ ಎಂದು ಅಮ್ಮ ಹೇಳುತ್ತಾಳೆ. ನನ್ನ ಜೊತೆ ಬರುವ ಅವಳ ತಾಯಿ ತನ್ನ ಹೇಳಿಕೆಗೆ ಸಹಿ ಹಾಕುವಾಗ ಐದು ನಿಮಿಷ ಯಾರಾದರೂ ಎತ್ತಿಕೊಂಡಿರಬೇಕಾಗುತ್ತದೆ. ನೀವೇ ಎತ್ತಿಕೊಳ್ಳಿ. ಕತ್ತಿನ ಹಿಂದೆ ಕೈ ಕೊಟ್ಟು, ಬಗ್ಗಿ ಮುಖ ನೋಡುತ್ತ ಹಿಡಿದುಕೊಳ್ಳಬೇಕು, ಕಣ್ಣು ಆ ಕಡೆ ಈ ಕಡೆ ತೆಗೆಯುವಂತಿಲ್ಲ. ಒಂದು ಕೂಸು, ಐದು ನಿಮಿಷ. ಆಮೇಲೆ, ಆ ನರ್ಸಿಗೆ ಏನು ಶಿಕ್ಷೆ ಕೊಡಬೇಕೆಂದು ಆ ಕೂಸನ್ನು ಕೆಳಗಿಳಿಸದೆಯೇ ಹೇಳಿ.

ಇಂತಿ, ಬೈಯಬೇಕಾದವರನ್ನು ಬಿಟ್ಟು ಕೈಗೆ ಸಿಕ್ಕವಳನ್ನು ಬೈದು ಬಂದ,
ಒಬ್ಬ ಮೀಟರ್ ಓದುವವನು